ಪರದೆಯ ಅಂಚು

ಬಿಪಿ ನೋಡುವ ಪಟ್ಟಿ ಅಪ್ಪನ ತೋಳನ್ನು ಬಿಗಿಯುವಾಗಲೆಲ್ಲ ಮಗಳ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಡಾಕ್ಟರು ಮಾತ್ರೆ ಬದಲಿಸಿ ಬದಲಿಸಿ ಸೋತರೂ ಬಿಪಿ ಇಳಿಯುವ ಲಕ್ಷಣವೇ ಇರಲಿಲ್ಲ.

ಅಪ್ಪ ಹೆಸರುವಾಸಿ ದರ್ಜಿ, ಜೊತೆಗೆ ಮಹಾ ಪುಕ್ಕಲ. ಎರಡು ಸೀನು ಬಂದರೆ ಮನೆಯನ್ನೆಲ್ಲ ಎಬ್ಬಿಸುತ್ತಿದ್ದ. ಅಮ್ಮ ಹೋದ ಮೇಲೆ ಹೊಲಿಗೆ ಯಂತ್ರಕ್ಕೆ ಬಟ್ಟೆ ಹೊದಿಸಿ, ಮಾತು ಬಿಟ್ಟು, ಕಿಟಕಿಯ ಪಕ್ಕ ಕೂತುಬಿಟ್ಟ. ವಯಸ್ಸಾಯಿತು, ಅದಕ್ಕೇ ಮಂಕಾಗಿದ್ದಾನೆ ಎಂದು ಎಲ್ಲರೂ ಕೈತೊಳೆದುಕೊಂಡರು.

ಅವತ್ತು ಒಗೆಯಲೆಂದು ಕಿಟಕಿಯ ಪರದೆ ಇಳಿಸಿದಾಗ ಅದರ ಅಂಚು ಯಾಕೋ ಭಾರವೆನಿಸಿತು. ಮಗಳು ಹೊಲಿಗೆ ಬಿಚ್ಚಿದಳು. ಬಿಪಿ ಮಾತ್ರೆಗಳು ಪಟಪಟನೆ ನೆಲಕ್ಕೆ ಉದುರಿದವು. ಹೊರಗೆ ಒಂದು ಎಳೆಯೂ ಕಾಣದಂತೆ ಹಾಕಿದ ಆ ಹೊಲಿಗೆ ಅಪ್ಪನದೇ.

“ಇದೇನಪ್ಪಾ ಇದು?”

“ಪರದೆ ನೆಟ್ಟಗೆ ಇಳಿಬೀಳ್ಬೇಕು ಅಂದ್ರೆ ಅಂಚಲ್ಲಿ ತೂಕ ಇರ್ಬೇಕಮ್ಮ.”

“ಮಾತ್ರೆ ಬಿಟ್ರೆ ಏನಾಗತ್ತೆ ಅಂತ ಡಾಕ್ಟ್ರು ಹೇಳಿದ್ರಲ್ಲ, ಮರೆತುಹೋಯ್ತಾ?”

“ಇಲ್ಲ, ಚೆನ್ನಾಗಿ ನೆನಪಿದೆ,” ಎಂದ ಅಪ್ಪ, ಕಿಟಕಿಯಿಂದ ಕಣ್ಣು ತೆಗೆಯದೆ.

ಸೀನಿಗೂ ಹೆದರುತ್ತಿದ್ದವನ ದನಿಯಲ್ಲಿ ಈಗ ಹೆದರಿಕೆಯ ಸುಳಿವೇ ಇರಲಿಲ್ಲ.