‘ತೂಕ’ ಅಂದರೆ ಬೇಡ ಅಂತ

ಮೂಡುಬಿದಿರೆಯಲ್ಲಿ ನನ್ನ ಗಂಡ ಸನತ್‌ಕುಮಾರರ ಹೆಸರು ಹೇಳಿ ನೋಡಿ. “ಯಾರು, ತೂಕದ ಸನತ್ತಣ್ಣನಾ?” ಅಂತ ಕೇಳ್ತಾರೆ. ಹಾಗಂತ ಇವರು ದಪ್ಪ ಜನ ಅಲ್ಲ. ಜೋರು ಗಾಳಿಗೆ ಕೊಡೆ ಬಿಚ್ಚಿದರೆ ಕೊಡೆಯೊಟ್ಟಿಗೆ ಇವರೂ ಹೋದಾರು. ತುಳುವಿನಲ್ಲಿ ‘ತೂಕ’ ಅಂದರೆ ‘ನೋಡುವ’ ಅಂತ. ಕನ್ನಡದಲ್ಲಿ ಭಾರ. ಇವರ ಬಾಯಲ್ಲಿ ಎರಡೂ ಒಂದೇ, ಎಂತ ಕೇಳಿದರೂ ‘ತೂಕ’ ಅಂದು ತೂಗಲಿಕ್ಕೆ ಕೂತುಬಿಡ್ತಾರೆ.

ನಮ್ಮ ಕಡೆ ಮರ್ಯಾದಸ್ಥರು ಎದುರಿಗೆ ‘ಬೇಡ’ ಅನ್ನುವುದಿಲ್ಲ, ‘ತೂಕ’ ಅಂತಾರೆ. ಚಂದಾ ಕೇಳಲು ಬಂದವನು ಆ ಮಾತು ಕೇಳಿದ ಕೂಡಲೇ ಎದ್ದು ಚಪ್ಪಲಿ ಹುಡುಕ್ತಾನೆ. ಈ ಮಹಾನುಭಾವರು ನನ್ನನ್ನು ನೋಡಲು ಬೆಳ್ತಂಗಡಿಗೆ ಬಂದು, ಅವಲಕ್ಕಿ ತಿಂದು, ಹೊರಡುವಾಗ ‘ತೂಕ’ ಅಂದು ಹೋದರು. ಅಪ್ಪ ಬೇರೆ ಗಂಡು ಹುಡುಕಲು ಶುರುಮಾಡಿದರು. ಕಡೆಗೆ ಅತ್ತೆ ಪ್ರಭಾವತಿಯಮ್ಮನೇ ಓಡಿ ಬಂದು, “ಇವನು ಒಪ್ಪಿದರೂ ಹೇಳುವುದು ಹಾಗೆಯೇ, ಏನೂ ತಿಳ್ಕೊಳ್ಬೇಡಿ” ಅಂದ ಮೇಲೆ ನನ್ನ ಮದುವೆ ಆದದ್ದು.

ಇವರಿಗೆ ಒಂದು ಫೋಟೋ ಸ್ಟುಡಿಯೋ ಇತ್ತು. ಎರಡು ಸಾವಿರದ ಏಳರ ಹೊತ್ತಿಗೆ ಫಿಲ್ಮ್ ರೋಲಿನ ಕಾಲ ಮುಗಿಯುತ್ತಾ ಬಂದು ಊರಿನವರೆಲ್ಲ ಡಿಜಿಟಲ್ ಕೇಳುತ್ತಿದ್ದರು. ಇವರು ಮೂರು ವರ್ಷದಿಂದ ಪತ್ರಿಕೆ ಓದಿ ಓದಿ ಯಾವ ಕ್ಯಾಮೆರಾ ಒಳ್ಳೆಯದು ಅಂತ ಅಳೆದು ತೂಗುತ್ತಿದ್ದರು. ಅಷ್ಟರಲ್ಲಿ ಇವರ ಸಲಹೆ ಕೇಳಿಯೇ ಬೇರೆ ಸ್ಟುಡಿಯೋದವರು ಕ್ಯಾಮೆರಾ ಕೊಂಡುಕೊಂಡು, ನಮಗೆ ಬರಬೇಕಾದ ಮದುವೆಗಳನ್ನೆಲ್ಲ ಹಿಡಿದರು. ನಮಗೆ ಉಳಿದದ್ದು ಪಾಸ್‌ಪೋರ್ಟ್ ಫೋಟೋ ಮಾತ್ರ. ಹೀಗೇ ಆದರೆ ಮುಂದಿನ ಮಳೆಗಾಲಕ್ಕೆ ಸ್ಟುಡಿಯೋ ಬಾಗಿಲು ಹಾಕುವುದು ಅಂತ ಅತ್ತೆಗೂ ನನಗೂ ಗೊತ್ತಿತ್ತು.

ಆಗ ದೇವರು ಕಣ್ಣು ಬಿಟ್ಟ ಹಾಗೆ ಇಮ್ತಿಯಾಝ್ ಬಂದ. ಬಂಟ್ವಾಳದವನು, ಇವರ ಕಾಲೇಜಿನ ಗೆಳೆಯ, ದುಬೈಯಲ್ಲಿ ಕ್ಯಾಮೆರಾ ಅಂಗಡಿಯಲ್ಲಿದ್ದವನು. ತಂಗಿ ಸಜ್ನಾಳ ನಿಕಾಹ್‌ಗೆ ಬರುವಾಗ ಎರಡು ಭಾರೀ ಕ್ಯಾಮೆರಾ ತಂದ. ಒಂದು ನಿಕಾನ್, ಒಂದು ಕೆನಾನ್. “ವಾರ ಟೈಮ್ ಉಂಟು ಸನತ್ತಾ. ಒಂದು ಇಟ್ಕೋ, ಇನ್ನೊಂದಕ್ಕೆ ಬೇರೆ ಗಿರಾಕಿ ಇದ್ದಾರೆ. ಮದುವೆ ಫೋಟೋ ನೀನೇ ತೆಗೀಬೇಕು. ಆದ್ರೆ ಬೇಗ ಹೇಳು ಮಾರಾಯ, ನಿನ್ನ ಕಥೆ ನನಗೆ ಗೊತ್ತು” ಅಂದ.

ಶುರುವಾಯಿತು ನೋಡಿ ಪರೀಕ್ಷೆ! ಇವರ ಕೈಯಲ್ಲಿ ನಿಕಾನ್, ನನ್ನ ಕೈಯಲ್ಲಿ ಕೆನಾನ್. ಬೆಳಕು ಬದಲಾಗುವ ಮೊದಲು ಇಬ್ಬರೂ ಒಟ್ಟಿಗೆ ಒತ್ತಬೇಕಂತೆ. ಬಸಳೆ ಚಪ್ಪರ ಆಯಿತು, ಬಸದಿಯ ಕಂಬ ಆಯಿತು, ಪಕ್ಕದ ಮನೆಯ ಹುಂಜ ಆಯಿತು. ಕಡೆಗೆ ಅತ್ತೆಯನ್ನು ಜಗಲಿಯಲ್ಲಿ ಕೂರಿಸಿದೆವು. ಇವರು “ಒಂದು, ಎರಡು” ಅಂತ ಎಣಿಸಿದರೆ ಅತ್ತೆ ಇಂಜೆಕ್ಷನ್ ಚುಚ್ಚಿಸಿಕೊಳ್ಳುವವರ ಹಾಗೆ ಸೆಟೆದು ಕೂರುತ್ತಿದ್ದರು. “ಅತ್ತೆ, ಇವರು ಚಿಕ್ಕದಿರುವಾಗ ಚಡ್ಡಿ ಆರಿಸಲಿಕ್ಕೂ ಇಷ್ಟು ಹೊತ್ತು ತಗೊಳ್ತಿದ್ರಾ?” ಅಂತ ನಾನು ಕೇಳಿದೆ. ಅತ್ತೆ ಗೊಳ್ಳನೆ ನಕ್ಕರು. ಆ ನಗುವಿಗೆ ನಾನು ಒತ್ತಿಬಿಟ್ಟೆ, ಇವರು ಮೂರು ಎಣಿಸಿ ಒತ್ತುವಾಗ ಅತ್ತೆ ಪುನಃ ಸೆಟೆದಿದ್ದರು.

ಸಂಜೆಯ ಬೆಳಕಿನಲ್ಲೇ ಕ್ಯಾಮೆರಾದ ನಿಜವಾದ ಬಂಡವಾಳ ತಿಳಿಯುವುದಂತೆ. ನಮ್ಮದು ಜೈನರ ಮನೆ, ಹೊತ್ತು ಮುಳುಗಿದ ಮೇಲೆ ಊಟ ಇಲ್ಲ. ನಾವು ಅತ್ತೆ ಸೊಸೆ ಬಿಸಿ ಬಿಸಿ ಗಂಜಿ ಉಂಡು ಕೈ ತೊಳೆಯುವಾಗ ಇವರು ತೋಟದ ಬದಿಯಲ್ಲಿ ಸೂರ್ಯನನ್ನು ಕಾಯುತ್ತಿದ್ದರು. ಒಳಗೆ ಬರುವಾಗ ಪಾತ್ರೆ ಕವುಚಿ ಆಗಿರುತ್ತಿತ್ತು. ಹೀಗೆ ಉಪವಾಸ ಬಿದ್ದೇ ಇವರು ಆ ವಾರ ಇನ್ನಷ್ಟು ಸಣ್ಣಗಾದರು. ಅತ್ತೆ ಮಾತ್ರ, “ಕರ್ಮ ಸವೆಯಲಿ ಬಿಡು” ಅಂದು ಮಲಗಿದರು.

ಕಂಪ್ಯೂಟರಿನಲ್ಲಿ ಫೋಟೋ ಜೋಡಿ ಜೋಡಿಯಾಗಿ ಇಟ್ಟು ನೋಡಿದರೆ ಕೆನಾನಿನದೇ ಗೆಲುವು. ಅದರಲ್ಲಿ ಅತ್ತೆ ನಗುತ್ತಿದ್ದರು, ಹುಂಜ ಕತ್ತೆತ್ತಿ ನಿಂತಿತ್ತು. ನಿಕಾನಿನ ಅತ್ತೆ ಯಾರ ಮೇಲೋ ಸಿಟ್ಟು ಮಾಡಿಕೊಂಡ ಹಾಗಿದ್ದರು. “ಲೆನ್ಸಿನ ಗುಣ! ಕೆನಾನಿನಲ್ಲಿ ಮುಖಕ್ಕೆ ಜೀವ ಬರ್ತದೆ” ಅಂತ ಇವರು ತೀರ್ಪು ಕೊಟ್ಟರು. ಕೂಡಲೇ ಇಮ್ತಿಯಾಝ್‌ಗೆ ಫೋನ್ ಮಾಡಿ ಖುಷಿಯಲ್ಲಿ ಹೇಳಿಯೇಬಿಟ್ಟರು: “ಕೆನಾನ್ ತೂಕ ಮಾರಾಯಾ!”

ಮರುದಿನ ಬೆಳಿಗ್ಗೆಯೇ ಇಮ್ತಿಯಾಝ್ ಬಂದು ಕೆನಾನ್ ಚೀಲಕ್ಕೆ ಹಾಕಿದ. “ಬೇಡದಿದ್ರೆ ಬೇಡ ಸನತ್ತಾ, ಬೇಜಾರಿಲ್ಲ. ಮಂಗಳೂರಿನ ಒಬ್ಬರಿಗೆ ಇದನ್ನೂ ಮದುವೆ ಕೆಲಸವನ್ನೂ ನಿನ್ನೆಯೇ ಒಪ್ಪಿಸಿದೆ. ನಿಕಾನಿನ ಸುದ್ದಿಯೇ ನೀನು ಎತ್ತಲಿಲ್ಲ, ಅದನ್ನೂ ಕೊಡು” ಅಂದ. ಇವರು ಎಂತ ಮಾಡಿದರು ಗೊತ್ತುಂಟಾ? ನಿಕಾನಿನ ಲೆನ್ಸ್ ಒರೆಸಿ, ಮುಚ್ಚಳ ಹಾಕಲು ಹೊರಟರು! ನನ್ನ ಪಿತ್ತ ನೆತ್ತಿಗೇರಿತು.

“ಬೇಕು ಅಂತಲೇ ಅಲ್ವಾ ನೀವು ಫೋನ್ ಮಾಡಿದ್ದು? ಹೇಳಿ ಮಾರಾಯ್ರೆ!” ಅಂತ ಕಿರುಚಿದೆ.

ಇಮ್ತಿಯಾಝ್ ಚೀಲ ಕೆಳಗಿಟ್ಟ. “ತೂಕ ಅಂದ್ಯಲ್ಲ?”

“ಬೇಕು ಅಂತಲೇ ಹೇಳಿದ್ದು” ಅಂದರು ಇವರು, ಸಣ್ಣ ಸ್ವರದಲ್ಲಿ.

ಅವನು ಹಣೆ ಚಚ್ಚಿಕೊಂಡ. ಮಂಗಳೂರಿನವನಿಗೆ ಕೊಟ್ಟ ಮಾತು ತಿರುಗಿಸುವ ಹಾಗಿಲ್ಲ. ಆದರೆ ಅಲ್ಲೊಂದು ಸಂದು ಇತ್ತು. ಇಮ್ತಿಯಾಝ್‌ನ ಮನೆಯಲ್ಲಿ ಮದುವೆಗೆ ಹೆಂಗಸರ ಕಡೆಗೆ ಗಂಡಸು ಕ್ಯಾಮೆರಾ ಹಿಡಿದು ಹೋಗುವ ಹಾಗಿಲ್ಲ. ತನ್ನದೊಂದೂ ಫೋಟೋ ಇರುವುದಿಲ್ಲ ಅಂತ ಸಜ್ನಾ ಎರಡು ದಿನದಿಂದ ಅಳುತ್ತಿದ್ದಳಂತೆ.

“ನಾನು ಬರ್ತೇನೆ. ನಿಕಾನ್ ಇಲ್ಲಿಯೇ ಇರಲಿ” ಅಂದೆ.

“ಶಶೀ, ಅದು ಸೋತ ಕ್ಯಾಮೆರಾ!” ಅಂತ ಇವರು ಬೊಬ್ಬೆ ಹೊಡೆದರು.

ಸೋತದ್ದನ್ನೇ ಕೊರಳಿಗೆ ಹಾಕಿಕೊಂಡು ಬಂಟ್ವಾಳಕ್ಕೆ ಹೋದೆ. ಒಳಗೆ ಎಂತ ಗೌಜಿ! ಮೈಲಾಂಜಿ ಅಂದರೆ ಮದರಂಗಿ ಹಾಕಿದ ಕೈಗಳು, ಮಲ್ಲಿಗೆ, ಜರಿ. ಸಜ್ನಾ ಮೊದಲು ನಾಚಿದಳು. ನಾನು ನನ್ನ ಗಂಡನ ತೂಕದ ಕಥೆ ಹೇಳಿದೆ. ಮದುಮಗಳಿಂದ ಹಿಡಿದು ಅಜ್ಜಿಯವರೆಗೆ ಹೊಟ್ಟೆ ಹಿಡಿದು ನಕ್ಕರು, ನಾನು ಒತ್ತುತ್ತಾ ಹೋದೆ. ಆಚೆ ಗಂಡಸರ ಕಡೆ ಇವರು ಬರಿಗೈಯಲ್ಲಿ ಕೂತು, ಎಲ್ಲರೂ ಬಿರಿಯಾನಿ ತಿನ್ನುವಾಗ ಬಾಳೆಹಣ್ಣು ಸುಲಿಯುತ್ತಿದ್ದರಂತೆ.

ಹಿಂದೆ ಬರುವಾಗ ಬಸ್ಸಿನಲ್ಲಿ ಕ್ಯಾಮೆರಾ ಕಸಿದುಕೊಂಡು ಫೋಟೋ ನೋಡಲು ಶುರುಮಾಡಿದರು. ಒಂದೊಂದನ್ನೂ ದೊಡ್ಡದು ಮಾಡಿ, ಸಣ್ಣದು ಮಾಡಿ. ತಪ್ಪು ಹುಡುಕ್ತಾರೆ ಅಂತ ನಾನು ಜಗಳಕ್ಕೆ ತಯಾರಾಗಿ ಕೂತಿದ್ದೆ. ಸಿದ್ಧಕಟ್ಟೆ ದಾಟಿದರೂ ನೋಡುವುದು ಮುಗಿಯಲಿಲ್ಲ.

“ಇದು ನಿಕಾನೇ ಅಲ್ವಾ?” ಅಂತ ಕೇಳಿದರು ಕಡೆಗೆ.

“ಮತ್ತೆಂತ? ಕೆನಾನ್ ಮಂಗಳೂರಿಗೆ ಹೋಯಿತಲ್ಲ.”

“ಹಾಗಾದ್ರೆ ಆ ವಾರ ಗೆದ್ದದ್ದು ಕೆನಾನ್ ಅಲ್ಲ, ಶಶಿ. ನೀನು.” ಕ್ಯಾಮೆರಾವನ್ನು ನನ್ನ ಮಡಿಲಲ್ಲಿ ಇಟ್ಟರು. “ನನಗಿಂತ ನೀನು ಒಳ್ಳೆದು ತೆಗೀತೀ.”

ತೂಗಲೂ ಇಲ್ಲ, ಅಳೆಯಲೂ ಇಲ್ಲ, ಒಂದೇ ಮಾತಿನಲ್ಲಿ ಹೇಳಿದರು. ಇಪ್ಪತ್ತು ವರ್ಷ ಅದೇ ಕೆಲಸ ಮಾಡಿದ ಗಂಡಸು. ನನಗೆ ಸಂತೋಷವೂ ಆಯಿತು, ಇವರ ಮುಖ ನೋಡಿ ಪಾಪ ಅಂತಲೂ ಅನಿಸಿತು. ಜಗಳ ಮರೆತು ಕಿಟಕಿ ಬದಿಯ ಸೀಟು ಇವರಿಗೆ ಬಿಟ್ಟುಕೊಟ್ಟೆ.

ಮರುದಿನ ಸ್ಟುಡಿಯೋಕ್ಕೆ ಯಾರೋ ಒಂದು ಮಗುವಿನ ಫೋಟೋ ತೆಗೆಸಲು ಬಂದರು. ಇವರು ಕ್ಯಾಮೆರಾದ ಪಟ್ಟಿಯನ್ನು ನನ್ನ ಕೊರಳಿಗೆ ಹಾಕಿದರು. ಆಮೇಲೆ ಬಾಚಣಿಗೆ ತೆಗೆದುಕೊಂಡು ಮಗುವಿನ ತಲೆ ಬಾಚಲು ಹೋದರು.