ರಾಯರು ಕೂತ ಬದಿ

ಮೊನ್ನೆ ನಮ್ಮ ಜಗಲಿಯಲ್ಲಿ ಪಕ್ಕದ ಮನೆಯ ಯುವಕ, ಗಲ್ಫಿನಿಂದ ರಜೆಯಲ್ಲಿ ಬಂದವನು, ಕಬ್ಬಿಣದ ಪಟ್ಟಿಗಳ ಕಟ್ಟೊಂದನ್ನು ಧೊಪ್ಪನೆ ಇಳಿಸಿದ. ತುಕ್ಕು ಮತ್ತು ಹಳೇ ಗ್ರೀಸಿನ ವಾಸನೆ ಮೂಗಿಗೆ ಬಡಿಯಿತು.

"ಅಜ್ಜ, ಒಂದು ಹಳೇ ಕಾರು ತೆಗೊಂಡಿದ್ದೇನೆ. ಇದು ಹಿಂದಿನ ಚಕ್ರದ ಸ್ಪ್ರಿಂಗ್. ಯಾವ ಕಾಲದ್ದು ಅಂತ ಹೇಳಿ, ಸರಿ ಮಾಡಿ ಕೊಡ್ತೀರಾ?"

ಸರಿಯಾದ ಮನೆಗೇ ಬಂದಿದ್ದ. ಜಾತಕ ನೋಡಿ ಮನುಷ್ಯನ ಪ್ರಾಯ ಹೇಳುವವರು ಊರು ತುಂಬ ಇದ್ದಾರೆ. ಪಟ್ಟಿ ಮುಟ್ಟಿ ಕಾರಿನ ಪ್ರಾಯ ಹೇಳುವವನು ಮಂಗಳೂರಿನಲ್ಲಿ ನಾನೊಬ್ಬನೇ. ಇದು ಜಂಬವಲ್ಲ, ನಿಜ. ಅಥವಾ ಎರಡೂ ಇರಬಹುದು.

ಎರಡನೇ ಮಹಾಯುದ್ಧದ ಕಾಲದಲ್ಲಿ ನಾನು ಬಂದರಿನಲ್ಲಿ ಇದಿನಬ್ಬ ಕಾಕನ ಗ್ಯಾರೇಜಿನ ಮೇಸ್ತ್ರಿ. ಹೊಸ ಬಿಡಿಭಾಗ ಕಣ್ಣಿಗೆ ಬೀಳುತ್ತಿರಲಿಲ್ಲ. ಸ್ಪ್ರಿಂಗ್ ಸೋತರೆ ಪಟ್ಟಿಗಳನ್ನು ಬಿಚ್ಚಿ, ತೆಂಗಿನ ಗೆರಟೆಯ ಕೆಂಡದಲ್ಲಿ ಕಾಯಿಸಿ, ಬಡಿದು ಬಗ್ಗಿಸಿ, ಬೂತಾಯಿ ಮೀನಿನ ಎಣ್ಣೆಯಲ್ಲಿ ಅದ್ದಿ ಹದ ಮಾಡುವುದು ನಮ್ಮ ಪದ್ಧತಿ. ಆ ವಾಸನೆಗೆ ಬಂದರಿನ ಬೆಕ್ಕುಗಳೆಲ್ಲ ನಮ್ಮ ಖಾಯಂ ಗಿರಾಕಿಗಳು.

ಒಂದು ದಿನ ಮಣ್ಣಗುಡ್ಡದ ವಕೀಲ ರಾಯರು ಡ್ರೈವರನೊಡನೆ ಕಾರು ತಂದರು. ದೊಡ್ಡ ಜೀವ, ಸಣ್ಣ ಸ್ವರ. ಆ ದಿನ ಸ್ವರ ಇನ್ನೂ ಸಣ್ಣದಾಗಿತ್ತು.

"ಕಾರು ಎಡಕ್ಕೆ ವಾಲ್ತದೆ ಮಾರಾಯ. ಹಿಂದಿನ ಸೀಟಿನಲ್ಲಿ ನಾನು ಕೂತುಕೊಳ್ಳುವ ಬದಿ. ನನ್ನ ಹೊಟ್ಟೆಯಿಂದಲೇ ಅಂತ ಹೆಂಡತಿಯ ತೀರ್ಮಾನ. ತುಪ್ಪ ಬಂದ್, ಗೋಳಿಬಜೆ ಬಂದ್. ರಾತ್ರಿಗೆ ಬರೀ ಗಂಜಿ. ಹೇಗಾದರೂ ಬಿಡಿಸು."

ನಾನು ಕಾರಿನ ಅಡಿಗೆ ನುಸುಳಿದೆ. ನೋಡಿದರೆ ಕಾರಿಗೆ ಎರಡು ಜಾತಕ! ಬಲದ ಸ್ಪ್ರಿಂಗಿನ ಪಟ್ಟಿಗಳ ತುದಿ ಚೌಕ, ಪಿನ್ ತೂರಿಸುವ ಕಣ್ಣಿನೊಳಗೆ ರಬ್ಬರ್ ಬುಷ್. ಎಡದ್ದು ಚೂಪು ತುದಿ, ಹಿತ್ತಾಳೆ ಬುಷ್: ಅದಕ್ಕಿಂತ ಎಷ್ಟೋ ಹಿಂದಿನದು. ಯಾರೋ ಒಂದು ಮುದಿ ಕಾರಿನ ಸ್ಪ್ರಿಂಗ್ ತಂದು ಇಲ್ಲಿ ಸಿಕ್ಕಿಸಿದ್ದರು. ಅದು ಬೆನ್ನು ಚಪ್ಪಟೆ ಮಾಡಿಕೊಂಡು ಮಲಗಿತ್ತು.

"ರಾಯರೇ, ನಿಮ್ಮ ಹೊಟ್ಟೆ ನಿರ್ದೋಷಿ!"

"ಬರೀ ಬಾಯಿಮಾತು ಸಾಲದು. ಅವಳ ಎದುರು ಕಾರು ನೆಟ್ಟಗೆ ನಿಲ್ಲಬೇಕು."

ಕಾದ ಪಟ್ಟಿ ಎಣ್ಣೆಗಿಳಿದು ಚೊಯ್ಯೆಂದಾಗ, ಮೀನು ಮುಟ್ಟದ ರಾಯರು ಮೂಗು ಮುಚ್ಚಿಕೊಂಡರು. "ಇದು ಎಂತ ಎಣ್ಣೆ?"

"ಕಡಲಿನ ತೆಂಗಿನಕಾಯಿಯದ್ದು," ಎಂದೆ. ಕಾಕ ಬೆನ್ನು ತಿರುಗಿಸಿ ಕೆಮ್ಮತೊಡಗಿದ.

ಕೆಲಸ ಮುಗಿದಾಗ ಕಾರು ಮದುವೆಯ ಮಂಟಪದ ಹಾಗೆ ಸಮವಾಗಿ ನಿಂತಿತು. ರಾಯರು ಉಬ್ಬಿಹೋಗಿ ಒಳಗೆ ಕೂತರು. ಕಾರು ಪುನಃ ಎಡಕ್ಕೆ ವಾಲಿತು.

ಕಾಕ ಬಗ್ಗಿ ಚಕ್ರ ನೋಡಿ, "ಸ್ಪ್ರಿಂಗಿನದ್ದೂ ತಪ್ಪುಂಟು, ರಾಯರದ್ದೂ ಉಂಟು," ಎಂದ.

ರಾಯರ ಮುಖ ನೋಡಿದ್ದರೆ ನೀವೂ ಕರಗುತ್ತಿದ್ದಿರಿ. ಜೀವಮಾನವಿಡೀ ಗಂಜಿ ಕುಡಿಯುವ ಶಿಕ್ಷೆಯಾದವನ ಮುಖ. ನಾನು ಕಾರನ್ನು ಜಾಕಿನ ಮೇಲೆ ಏರಿಸಿ, ಅವರು ಕೂತ ಬದಿಗೆ ಒಂದು ಪಟ್ಟಿ ಹೆಚ್ಚಿಗೆ ಹಾಕಿದೆ. ಅವರು ಕೂತರೆ ಕಾರು ಸಮ. ಇಳಿದರೆ ಎಡಬದಿ ಕೋಳಿಯ ಹಾಗೆ ಕತ್ತೆತ್ತುತ್ತಿತ್ತು.

"ಒಂದು ನೆನಪಿಡಿ," ಎಂದು ಹೇಳಿಕೊಟ್ಟೆ. "ಅಮ್ಮ ನೋಡುವಾಗ ಇಳಿಯಬೇಡಿ."

ಮನೆಯಂಗಳದಲ್ಲಿ ರಾಯರ ಹೆಂಡತಿ ರತ್ನಮ್ಮ ಗುಡಿಸುವ ಹಿಡಿಸೂಡಿಯ ಕಡ್ಡಿಯೊಂದನ್ನು ಎಳೆದು ತಂದರು. ನೆಲದಿಂದ ಮಡ್ಗಾರ್ಡಿಗೆ ಎಡದಲ್ಲಿ ಅಳೆದರು, ಬಲದಲ್ಲಿ ಅಳೆದರು. ಒಂದೇ ಅಳತೆ. ರಾಯರು ಒಳಗೆ ಉಸಿರು ಬಿಗಿಹಿಡಿದು, ವಿಗ್ರಹದ ಹಾಗೆ ಕೂತಿದ್ದರು.

"ಆಯ್ತು," ಎಂದರು ಅಮ್ಮ. ಆ ಸಂಜೆಯೇ ಗೋಳಿಬಜೆಯ ವಾಸನೆ ರಸ್ತೆಗೆ ಬಂತು.

ಅಲ್ಲಿಂದ ಮುಂದೆ ರಾಯರು ಎಲ್ಲಿಗೆ ಹೋದರೂ, ಹೆಂಡತಿ ಇಳಿದು ಒಳಗೆ ಹೋಗುವ ತನಕ ಕಾರಿನಿಂದ ಇಳಿಯುತ್ತಿರಲಿಲ್ಲ. "ಎಂಥ ಮರ್ಯಾದೆಯ ಗಂಡ!" ಎಂದು ಮಣ್ಣಗುಡ್ಡದ ಹೆಂಗಸರು ತಮ್ಮ ತಮ್ಮ ಗಂಡಂದಿರನ್ನು ಹೀಯಾಳಿಸತೊಡಗಿದರು. ಅಷ್ಟು ಸಂಸಾರಗಳಲ್ಲಿ ಜಗಳ ಹಚ್ಚಿದ ಪಟ್ಟಿ ಅದೊಂದೇ ಇರಬೇಕು.

ಮುಂದಿನ ಮಳೆಗಾಲ ಕಳೆದ ಮೇಲೆ ಗ್ರೀಸ್ ಹಾಕಲು ಅವರ ಮನೆಗೆ ಹೋಗಿದ್ದೆ. ರಾಯರು ಒಳಗೆ ಕಕ್ಷಿದಾರರೊಡನೆ ಇದ್ದರು. ರತ್ನಮ್ಮ ಮೆಲ್ಲ ಕಾರಿನ ಹತ್ತಿರ ಬಂದರು.

"ಒಂದು ಪಟ್ಟಿ ಹೆಚ್ಚಿಗೆ ಹಾಕಿದ್ದು ನೀನೇ ಅಲ್ವಾ?"

ನನ್ನ ಬಾಯಿಯ ಎಲೆಯಡಿಕೆ ಅಲ್ಲೇ ನಿಂತಿತು.

"ನನಗೆ ಗೊತ್ತಾಗುವುದಿಲ್ಲ ಅಂತ ಗ್ರಹಿಸಿದ್ಯಾ? ಅವರು ಇಳಿದ ಮೇಲೆ ಅದೇ ಕಡ್ಡಿಯಲ್ಲಿ ಅಳೆದಿದ್ದೇನೆ. ಗಂಜಿ ಎದುರು ಆ ಮುಖ ನೋಡಿ ನೋಡಿ ನನಗೂ ಸಾಕಾಗಿತ್ತು, ಸುಮ್ಮನಾದೆ." ಆಮೇಲೆ ಬಾಗಿಲ ಕಡೆ ನೋಡಿ, ಸ್ವರ ತಗ್ಗಿಸಿದರು. "ಈಗ ಬಲಕ್ಕೆ, ನಾನು ಕೂತ ಬದಿ ತಗ್ಗುತ್ತಾ ಉಂಟು ಮಾರಾಯ. ಅವರಿಗೆ ಗೋಳಿಬಜೆ ಬಡಿಸಿ ನಾನು ಹೇಗೆ ಬರೀ ಕೈಯಲ್ಲಿ ಕೂತುಕೊಳ್ಳುವುದು? ನನಗೂ ಒಂದು ಪಟ್ಟಿ ಹಾಕು. ಅವರಿಗೆ ಹೇಳಬೇಡ."

ಹಾಕಿದೆ. ಇಬ್ಬರೂ ಕೂತರೂ ಸಮ, ಇಬ್ಬರೂ ಇಳಿದರೂ ಸಮ. ರಾಯರು ಮಾತ್ರ ಅಭ್ಯಾಸ ಬಿಡಲಿಲ್ಲ. ಹೆಂಡತಿ ಇಳಿಯುವುದನ್ನೇ ಕಾಯುತ್ತಾ ಕೂರುತ್ತಿದ್ದರು. ಅವರು ಕಾಯುತ್ತಾರೆಂದು ಗೊತ್ತಿದ್ದೇ ಆಕೆ ನಿಧಾನವಾಗಿ ಸೆರಗು ಸರಿಪಡಿಸಿಕೊಂಡು ಇಳಿಯುತ್ತಿದ್ದರು.

ಜಗಲಿಯಲ್ಲಿ ಯುವಕ ನನ್ನ ಬಾಯಿಯನ್ನೇ ನೋಡುತ್ತಿದ್ದ. ಪಟ್ಟಿಯ ತುದಿ ಸವರಿದೊಡನೆ ಕಾರಿನ ಪ್ರಾಯ ನಾಲಿಗೆಯ ತುದಿಗೆ ಬಂದಿತ್ತು. ಆದರೂ ಬೇರೆಯೇ ಕೇಳಿದೆ:

"ನಿನಗೆ ಮದುವೆ ಆಯ್ತಾ?"

"ಬರುವ ತಿಂಗಳು ಅಜ್ಜ. ಎಂತಕ್ಕೆ?"

"ಹಾಗಾದರೆ ಒಂದೆರಡು ವರ್ಷ ಬಿಟ್ಟು ಇಬ್ಬರೂ ಒಟ್ಟಿಗೆ ಬನ್ನಿ. ಈಗಲೇ ಹದ ಮಾಡಿದರೆ ತೂಕದ ಅಂದಾಜು ತಪ್ತದೆ."