ಕಾಲು ಬೇಡವೆಂದ ಕಡೆಗೇ ಹೊರಟ ಉಸ್ತಿನ್ಯಾ

ಸೆಪ್ಟೆಂಬರಿನ ನಸುಕು. ಸೈಬೀರಿಯಾದ ಜೌಗಿನ ನಡುವೆ ಉಸ್ತಿನ್ಯಾ ಕಜಾಮ್ಕಿನಾ ಸೊಂಟಕ್ಕೆ ಹಗ್ಗ ಬಿಗಿದುಕೊಳ್ಳುತ್ತಿದ್ದಾರೆ. ಕೈಯಲ್ಲಿ ಅಳತೆಕೋಲು, ಬೆನ್ನಿಗೆ ನೆಲ ಚುಚ್ಚಿ ಆಳ ನೋಡುವ, ಒಂದಕ್ಕೊಂದು ಜೋಡಿಸುವ ಮೀಟರುದ್ದದ ಸಲಾಕೆಗಳು. ಹನ್ನೊಂದಕ್ಕೆ ಹೆಲಿಕಾಪ್ಟರ್ ಬಂದು ನಕ್ಷೆಯನ್ನೂ ತಂಡವನ್ನೂ ಹೊತ್ತೊಯ್ಯುತ್ತದೆ. ಅಷ್ಟರೊಳಗೆ ಹದಿನೆಂಟು ಕಡೆ ಹೊಸದಾಗಿ ಅಳೆಯಬೇಕು.

"ಅಕ್ಕಾ, ಅಳತೆ ಮುಗೀತಲ್ಲ, ಇದೇನು ಹೊಸ ಹುಚ್ಚು?" ಹಗ್ಗದ ಇನ್ನೊಂದು ತುದಿ ಹಿಡಿದ ಎಂಜಿನಿಯರ್ ಗ್ಲೆಬ್ ಗೊಣಗುತ್ತಾನೆ.

"ನೀನು ಅಳೆದಿದ್ದು ನನ್ನ ಕಾಲಿನ ಬುದ್ಧಿ ಕಣಪ್ಪ, ಜೌಗನ್ನಲ್ಲ. ಹಗ್ಗ ಗಟ್ಟಿಯಾಗಿ ಹಿಡ್ಕೋ, ಬಾಯಿ ಆಮೇಲೆ."

ಇಲ್ಲಿನ ಮೂಲನಿವಾಸಿಗಳಾದ ಖಾಂತಿ ಜನಾಂಗದ ಉಸ್ತಿನ್ಯಾಗೆ ಈಗ ಐವತ್ತಾರು. ಬೆಳೆದದ್ದು ಹಿಮಸಾರಂಗಗಳ ಬೆನ್ನ ಹಿಂದೆ. ಹತ್ತೊಂಬತ್ತು ವರ್ಷಗಳಿಂದ ನಕ್ಷೆ ತಂಡಗಳ ಮುಂದೆ ಕೋಲು ಹಿಡಿದು ನಡೆಯುತ್ತಿದ್ದಾರೆ. ದಿನಕ್ಕೆ ಹನ್ನೆರಡು ಕಿಲೋಮೀಟರು, ಅಳತೆಗೆಂದು ಎಪ್ಪತ್ತು ನಿಲುಗಡೆ. ಸೊಳ್ಳೆಗಳನ್ನು ಎಣಿಸಿದವರಿಲ್ಲ. ಒಮ್ಮೆ ಎದೆಮಟ್ಟ ಹೂತು, ಎರಡು ಗಂಟೆ ಪೊದೆ ಹಿಡಿದು ನಿಂತಿದ್ದರು.

ತಪ್ಪು ಹೊಳೆದದ್ದು ನಿನ್ನೆ ಸಂಜೆ, ಮೀನಿನ ಸಾರು ಕುದಿಯುವಾಗ. ನಕ್ಷೆಯಲ್ಲಿ ಇಡೀ ಬಯಲು ಗಟ್ಟಿ ನೆಲವೆಂದು ಮೂಡಿತ್ತು. ಮೂಡದೆ ಇನ್ನೇನು? ಹುಟ್ಟಿನಿಂದ ಪಳಗಿದ ಕಾಲು ಇವರನ್ನು ಕೇಳದೆಯೇ ಗಟ್ಟಿ ದಿಬ್ಬಗಳನ್ನು ಆರಿಸಿಕೊಂಡು ಹೋಗಿತ್ತು. ಕೋಲು ನಿಂತದ್ದೂ ಆ ದಿಬ್ಬಗಳ ಮೇಲೇ. ಹೊಸಬರಾಗಿದ್ದರೆ ಮುಳುಗಿಯಾದರೂ ನಿಜ ತೋರಿಸುತ್ತಿದ್ದರು. ಈ ನಕ್ಷೆ ನೋಡಿಯೇ ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನೆಲದ ಮೇಲೆ ಲಾರಿ ದಾರಿ ಹಾಕುತ್ತಾರೆ. ಆಳದ ಜೌಗು ಆಗಲೂ ಪೂರ್ತಿ ಹೆಪ್ಪುಗಟ್ಟದೆ ಲಾರಿಯನ್ನೇ ನುಂಗುತ್ತದೆ. ಮೊದಲ ಎಣ್ಣೆ ಲಾರಿ ಓಡಿಸುವವನು ಉಸ್ತಿನ್ಯಾರ ಸ್ವಂತ ತಮ್ಮ ಪ್ರೊಕೊಪಿ.

ಅದಕ್ಕೇ ಇವತ್ತು ಕಾಲು ಎಲ್ಲಿ ಬೇಡವೆನ್ನುತ್ತದೋ ಅಲ್ಲೇ ಹೆಜ್ಜೆ. ಮೊಣಕಾಲವರೆಗೆ ಹೂತುಹೋಗುತ್ತದೆ. ಒಂದು ಸಲಾಕೆ ಇಳಿಯುತ್ತದೆ, ಅದರ ತಲೆಗೆ ಇನ್ನೊಂದು, ಮತ್ತೊಂದು. ಐದನೆಯದೂ ಬೆಣ್ಣೆಯೊಳಗೆ ಇಳಿದಂತೆ ಇಳಿದಾಗ ಗ್ಲೆಬ್ ಹಗ್ಗವನ್ನು ಕೈಗೆ ಸುತ್ತಿಕೊಳ್ಳುತ್ತಾನೆ.

"ಬರ್ಕೋ. ಐದು ಮೀಟರ್, ತಳ ಇಲ್ಲ."

"ಇಲ್ಲೇ ದಾರಿ ಗೆರೆ ಎಳೆದಿದ್ದೆ, ಅಕ್ಕಾ."

"ಗೊತ್ತು. ನಡಿ, ಇನ್ನೂ ಹದಿನೇಳಿದೆ."

ಈಗ ಹಗ್ಗ ಹಿಡಿದವನಿಗೇ ಅವಸರ. ಇಬ್ಬರೂ ಕೆಸರಲ್ಲಿ ಬಿದ್ದು ಎದ್ದು, ನಗುತ್ತ, ಬೈದುಕೊಳ್ಳುತ್ತ ಸಾಗುತ್ತಾರೆ. ಹದಿನೆಂಟನೆಯದಕ್ಕೆ ಸಲಾಕೆ ಚುಚ್ಚುವಾಗ ಹೆಲಿಕಾಪ್ಟರಿನ ಸದ್ದು ಕೇಳಿಸುತ್ತದೆ. ಗ್ಲೆಬ್ ಮಂಡಿಯ ಮೇಲೆ ನಕ್ಷೆ ಹರವಿ ಹಳೆಯ ಗೆರೆ ಅಳಿಸುತ್ತಾನೆ. ದಾರಿ ನಾಲ್ಕು ಕಿಲೋಮೀಟರು ಪೂರ್ವಕ್ಕೆ, ಸಲಾಕೆಗೆ ಬೇಗ ತಳ ಸಿಕ್ಕ ಕಡೆಗೆ ಸರಿಯುತ್ತದೆ.

"ನಕ್ಷೆ ಮೂಲೇಲಿ ನಿಮ್ಮ ಹೆಸರು ಹಾಕ್ಲಾ, ಅಕ್ಕಾ?"

ಉಸ್ತಿನ್ಯಾ ಬೂಟಿನ ನೀರು ಸುರಿಯುತ್ತಿದ್ದಾರೆ. "ಹೆಸರು ಇಟ್ಕೊಂಡು ಏನ್ ಮಾಡ್ಲಿ? ಪ್ರೊಕೊಪಿ ಬಂದು ಚಾ ಕುಡೀತಾ, 'ಅಕ್ಕಾ, ದಾರೀಲಿ ಏನೂ ಆಗ್ಲಿಲ್ಲ, ಬರೀ ಬೇಜಾರು' ಅಂತ ಗೊಣಗ್ಬೇಕು. ನಂಗಷ್ಟೇ ಸಾಕು."